ತಂಗಿಯ ಪಾಲು

"ರಕ್ತ ಹೊಂದುತ್ತೆ. ಲಿವರ್ ಕೂಡ ಹೊಂದುತ್ತೆ. ಆದರೆ ಈ ಲಿವರಿನ ತುಂಡನ್ನ ನಿಮ್ಮ ತಂಗಿಗೆ ನಾನು ಇಡಲ್ಲ," ಎಂದು ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ಬೇಕರಿಯವನ ಕಡೆ ತಿರುಗಿಸಿದರು. ಅಲ್ಲಿ ಬೆಣ್ಣೆ ಮೆತ್ತಿದ ಹಾಗೆ ಬೆಳ್ಳಗೆ ಏನೋ ಕಾಣುತ್ತಿತ್ತು. "ಇದೆಲ್ಲ ಕೊಬ್ಬು. ಇದನ್ನ ಕತ್ತರಿಸಿ ಕೊಟ್ಟರೆ ಅವರು ಉಳಿಯಲ್ಲ, ನಿಮಗೂ ಅಪಾಯ. ಮೊದಲು ಈ ಕೊಬ್ಬು ಕರಗಿಸಿ ಬನ್ನಿ."

"ಎಷ್ಟು ಟೈಮಿದೆ ಮೇಡಂ?"

"ನಿಮಗೆ ಬೇಕಾದಷ್ಟಿದೆ. ಅವರಿಗಿಲ್ಲ. ಹೆಚ್ಚೆಂದರೆ ಎರಡು ತಿಂಗಳು ತಳ್ಳಬಹುದು."

ಬೇಕರಿಯವನು ಬಗ್ಗಿ ತನ್ನ ಹೊಟ್ಟೆಯನ್ನು ನೋಡಿಕೊಂಡ. ಮದುವೆಯಾದಾಗಿನಿಂದ ಅವನು ಅದರ ಜೊತೆ ಗುದ್ದಾಡುತ್ತಿದ್ದ. ಬರೀ ಹೊಟ್ಟೆಗೆ ಬಿಸಿನೀರು, ಜೇನುತುಪ್ಪ ಕುಡಿದಿದ್ದ. ಸೊಂಟಕ್ಕೆ ಬೆವರಿಳಿಸುವ ಪಟ್ಟಿ ಬಿಗಿದುಕೊಂಡು ಉಸಿರಾಡಲಾಗದೆ ಬಿಚ್ಚಿ ಎಸೆದಿದ್ದ. ಟ್ರೆಡ್‌ಮಿಲ್ ತಂದಿದ್ದ, ಈಗ ಅದರ ಮೇಲೆ ಮನೆಮಂದಿಯ ಟವೆಲುಗಳು ಒಣಗುತ್ತಿದ್ದವು. ಕರಗಿದ್ದು ಜೇಬು ಮಾತ್ರ. ಶಾಲೆಯ ಬಸ್ ಓಡಿಸುವ ತಂಗಿ, "ನಮ್ಮಣ್ಣ ಬಾಗಿಲಿಗೆ ಬರೋದ್ರೊಳಗೆ ಅವನ ಹೊಟ್ಟೆ ಬಂದು ಕುರ್ಚಿ ಮೇಲೆ ಕೂತಿರುತ್ತೆ" ಎಂದು ಊರೆಲ್ಲ ನಗಿಸುತ್ತಿದ್ದಳು. ಆ ತಂಗಿ ಈಗ ಇದೇ ಆಸ್ಪತ್ರೆಯ ಮಹಡಿಯ ಮೇಲೆ, ಅರಿಶಿನ ಬಳಿದಂಥ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಅವಳ ಲಿವರ್ ಕೈಕೊಟ್ಟಿತ್ತು.

ಮಾರನೆಯ ದಿನದಿಂದ ಬೇಕರಿಯವನು ಬೇರೆಯೇ ಮನುಷ್ಯನಾದ. ದಿನವಿಡೀ ಬೆಣ್ಣೆ, ಸಕ್ಕರೆ, ಬಿಸಿ ಬ್ರೆಡ್ಡಿನ ನಡುವೆ ನಿಂತು, ಬೇಯಿಸಿದ ಕಾಳು, ಸೊಪ್ಪು ತಿಂದ. ಅಂಗಡಿ ಮುಚ್ಚಿದ ಮೇಲೆ ಕಾಲು ಸೋಲುವವರೆಗೆ ನಡೆದ. ರುಚಿ ನೋಡುವ ಕೆಲಸವನ್ನು ಹೆಂಡತಿಗೆ ಒಪ್ಪಿಸಿದ. ಆದರೂ ಒಂದು ಬೆಳಿಗ್ಗೆ, ಒಲೆಯಿಂದ ಟ್ರೇ ಎಳೆದವನ ಕೈ ಹಳೆಯ ಚಾಳಿಯಂತೆ ಬನ್ನೊಂದನ್ನು ಮುರಿದು ಬಾಯಿಗೆ ಹಾಕಿಬಿಟ್ಟಿತು. ಎರಡು ಸಲ ಅಗಿದ ಮೇಲೆ ಎಚ್ಚರವಾಯಿತು. ಓಡಿಹೋಗಿ ಸಿಂಕಿನಲ್ಲಿ ಉಗಿದು, ಅದರ ಅಂಚು ಹಿಡಿದು ಮಗುವಿನಂತೆ ಅತ್ತ.

"ಅಯ್ಯೋ, ಒಂದು ಚೂರಿಗೆ ಏನಾಗುತ್ತೇರೀ? ನುಂಗಬಾರದಾ?" ಎಂದಳು ಹೆಂಡತಿ, ಅವನ ಬೆನ್ನು ಸವರುತ್ತಾ.

"ಇದು ಈಗ ನನ್ನೊಬ್ಬನ ಹೊಟ್ಟೆ ಅಲ್ಲ ಕಣೇ. ಇದರಲ್ಲಿ ಅವಳ ಪಾಲಿದೆ."

ಅವಳು ರುಚಿ ನೋಡಲೂ ಬನ್ನು ಬಾಯಿಗಿಡದೆ ಟ್ರೇಯನ್ನು ಆಚೆ ಸರಿಸಿದಳು.

ವಾರಗಳು ಉರುಳಿದವು. ಕೆನ್ನೆ ಒಳಗೆ ಹೋಯಿತು. ಕುತ್ತಿಗೆಯ ಮೂಳೆ ಕಂಡಿತು. ಬೆರಳಿನ ಉಂಗುರ ಹಿಟ್ಟಿನೊಳಗೆ ಕಳಚಿಬಿತ್ತು. ಗಿರಾಕಿಗಳು "ಹುಷಾರಿಲ್ವಾ?" ಎಂದು ಕೇಳತೊಡಗಿದರು. ಹೊಟ್ಟೆ ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಒಂಚೂರು ಮೆತ್ತಗಾಗಿ ಜೋತಿತ್ತೇ ಹೊರತು ಇದ್ದಲ್ಲೇ ಇತ್ತು.

ಡಾಕ್ಟರಮ್ಮ ಮತ್ತೆ ಸ್ಕ್ಯಾನ್ ಮಾಡಿದ ದಿನ ಅವನು ಪರದೆಯ ಕಡೆ ನೋಡಲೇ ಇಲ್ಲ. "ಕ್ಷಮಿಸಿ ಮೇಡಂ. ಕೈಲಾದದ್ದೆಲ್ಲ ಮಾಡಿದೆ. ಇದು ಹೋಗಲೇ ಇಲ್ಲ," ಎಂದು ಹೊಟ್ಟೆಯ ಮೇಲೆ ಅಂಗಿ ಎಳೆದುಕೊಂಡ.

ಅವರು ಹಳೆಯ ಚಿತ್ರವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ನಿಮ್ಮ ಹೊಟ್ಟೆ ಕಟ್ಟಿಕೊಂಡು ನನಗೇನಾಗಬೇಕು? ಎದ್ದು ಇಲ್ಲಿ ನೋಡಿ."

ಅವನು ನೋಡಿದ. ಬೆಣ್ಣೆ ಇರಲಿಲ್ಲ. ಮಂಜು ಸರಿದ ಬೆಳಗಿನಂತೆ ಅಲ್ಲೊಂದು ತಿಳಿ ಬೂದುಬಣ್ಣ. ಅದರ ನಡುವೆ ಕೊಂಬೆ, ರೆಂಬೆ, ಟಿಸಿಲು ಒಡೆದು ಹಬ್ಬಿದ ಮರದಂತೆ ರಕ್ತನಾಳಗಳು. ನೋಡುತ್ತಿದ್ದರೆ ಮರ ಮೆಲ್ಲಗೆ ಉಸಿರಾಡುತ್ತಿದೆಯೇನೋ ಅನ್ನಿಸುತ್ತಿತ್ತು.

"ಇದು... ನಾನಾ?"

"ನೀವೇ. ಮೈ ಮೊದಲು ಒಳಗಿನದನ್ನ ಖಾಲಿ ಮಾಡಿದೆ. ಹೊರಗಿನ ಹೊಟ್ಟೆ ಹಠಮಾರಿ, ಅದು ಕೊನೆಗೆ ಹೋಗೋದು. ಹೋಗದಿದ್ದರೂ ಇರಲಿ ಬಿಡಿ." ಡಾಕ್ಟರಮ್ಮನ ದನಿ ತಗ್ಗಿತು. "ಇದರಲ್ಲಿ ದೊಡ್ಡ ಪಾಲನ್ನೇ ತೆಗೆದು ಅವರಿಗಿಡ್ತೀನಿ. ಆಮೇಲೆ ನಿಮ್ಮಲ್ಲಿ ಉಳಿದದ್ದೂ ಬೆಳೆಯುತ್ತೆ, ಅವರೊಳಗಿನದೂ ಬೆಳೆಯುತ್ತೆ. ಸಾಕಾಗುವಷ್ಟಾದ ಮೇಲೆ ತಾನೇ ನಿಲ್ಲುತ್ತೆ."

"ನಿಲ್ಲು ಅಂತ ಅದಕ್ಕೆ ಯಾರು ಹೇಳ್ತಾರೆ ಮೇಡಂ?"

"ಪುಸ್ತಕದಲ್ಲಿ ಏನೇನೋ ಬರೆದಿದೆ. ಎಲ್ಲ ಓದಿದೀನಿ. ಆದರೂ ಪ್ರತಿಸಲ ನನಗೆ ಮೈ ಜುಮ್ ಅನ್ನುತ್ತೆ."

ಇಬ್ಬರೂ ಆ ಮರವನ್ನೇ ನೋಡುತ್ತ ಉಳಿದರು. ಹೊರಗೆ ಮುಂದಿನ ರೋಗಿ ಬಾಗಿಲು ತಟ್ಟಿದ್ದು ಇಬ್ಬರಿಗೂ ಕೇಳಿಸಲಿಲ್ಲ.

ಆಪರೇಷನ್ ಆದ ಮೇಲೆ ಅವನಿಗೆ ಏಳಲು ಅಪ್ಪಣೆ ಸಿಕ್ಕ ದಿನ, ನರ್ಸು ಗಾಲಿಕುರ್ಚಿಯಲ್ಲಿ ಕೂರಿಸಿ ತಂಗಿಯ ಕೋಣೆಗೆ ತಳ್ಳಿಕೊಂಡು ಹೋದಳು. ತಂಗಿ ಕಣ್ಣು ಮುಚ್ಚಿ ಮಲಗಿದ್ದಳು. ತಿಂಗಳುಗಟ್ಟಲೆ ಅವಳು ಊಟದ ವಾಸನೆ ಬಂದರೆ ಸಾಕು, ಗೋಡೆಯ ಕಡೆ ಹೊರಳುತ್ತಿದ್ದಳು. ತುತ್ತಿಗಾಗಿ ಬೇಡಿಕೊಂಡು ಬೇಡಿಕೊಂಡು ಮನೆಯವರೆಲ್ಲ ಸೋತಿದ್ದರು. ಅವನು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಬಾಗಿ ಅವಳ ಹಣೆ ಮುಟ್ಟಿದ.

ಅವಳು ಕಣ್ಣು ತೆರೆದಳು. ತನ್ನ ಮೈಯೊಳಗೆ ಏನೋ ಕೇಳಿಸಿದವಳಂತೆ ಅಚ್ಚರಿಯಿಂದ ಹೇಳಿದಳು:

"ಅಣ್ಣಾ, ಹಸಿವಾಗ್ತಿದೆ ಕಣೋ."