ವಾಪಸ್ ಇಡದ ಫೈಲು

“ಸತ್ತವರ ಟವೆಲ್ ತೆಗೆದರೆ ಯಾರೂ ಜಗಳಕ್ಕೆ ಬರಲ್ಲ ಕಣ್ರೀ, ತೆಗೀರಿ,” ಎಂದ ಇಂದುಧರ.

ರತ್ನಪ್ರಭಾ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಪರದೆ ನೋಡುತ್ತಿದ್ದಳು. ಅರಸೀಕೆರೆಯ ಕೊಬ್ಬರಿ ವರ್ತಕರು ಕೆಲವರು ಸೇರಿ ಒಂದು ಕಂಪ್ಯೂಟರ್ ತಂದು ಗೋದಾಮಿನ ಮಹಡಿಯಲ್ಲಿಟ್ಟಿದ್ದ ಕಾಲ ಅದು, ಎಂಬತ್ತೆಂಟರ ಸುಮಾರು. ಮೌಸು ಗೀಸು ಏನಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ, ಏನು ಬೇಕಾದರೂ ಟೈಪ್ ಮಾಡಿಯೇ ಕೇಳಬೇಕು. ಟೆಂಡರಿನ ದರ ನೋಡುವ ಒಂದೇ ಪ್ರೋಗ್ರಾಮಿಗೆ ತಿದ್ದುವವರು ಮೂವರು: ನಂಜಪ್ಪನವರು, ಇಂದುಧರ, ರತ್ನಪ್ರಭಾ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಅಳಿಸಿಬಿಡಬಾರದಲ್ಲ, ಅದಕ್ಕೆ ಕಂಪ್ಯೂಟರಿನೊಳಗೇ ಒಂದು ಏರ್ಪಾಡಿತ್ತು: ಬೀಗ ಹಾಕಿ ಫೈಲು ತಗೊಳ್ಳಬೇಕು, ತಿದ್ದಿ ವಾಪಸ್ ಇಡಬೇಕು. ಹಳೇ ರೂಪ, ಹೊಸ ರೂಪ ಎಲ್ಲವೂ ತಿದ್ದಿದವರ ಹೆಸರಿನ ಸಮೇತ ಉಳಿಯುತ್ತಿದ್ದವು. ಆ ಬೀಗಕ್ಕೆ ಟವೆಲ್ ಅಂತ ಹೆಸರಿಟ್ಟವರು ನಂಜಪ್ಪನವರು. ಬೇಲೂರು ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೇ ಇದೂ, ಇನ್ನೊಬ್ಬರ ಟವೆಲ್ ಮೇಲೆ ಕೂರಬಾರದು ಅನ್ನುತ್ತಿದ್ದರು.

ಆ ನಂಜಪ್ಪನವರು ಹೋದ ವಾರ ತಮ್ಮ ಟವೆಲ್ ಹಾಕಿದ್ದ ಫೈಲನ್ನು ಹಾಗೇ ಬಿಟ್ಟು, ಎದೆ ಉರೀತೈತೆ, ಒಂದು ಲೋಟ ಮಜ್ಜಿಗೆ ಕುಡಿದು ಬತ್ತೀನಿ ಅಂತ ಮೆಟ್ಟಿಲಿಳಿದವರು ಮತ್ತೆ ಹತ್ತಲಿಲ್ಲ. ರತ್ನಪ್ರಭಾಗೆ ಈ ಕೆಲಸ ಕಲಿಸಿದ್ದೇ ಅವರು. ಹಳೇಬೀಡಿನ ಜೈನರ ಹುಡುಗಿ, ಕತ್ತಲಾಗುವುದರೊಳಗೆ ಮನೆ ಸೇರಿ ಊಟ ಮುಗಿಸಬೇಕು. “ಏಳಮ್ಮ, ನಿನ್ನ ಸೂರ್ಯ ಹೊರಟ,” ಅಂತ ದಿನವೂ ಅವಳನ್ನು ಬಸ್ಸಿಗೆ ಎಬ್ಬಿಸುತ್ತಿದ್ದವರು.

ಅವರು ಬಿಟ್ಟುಹೋದ ತಿದ್ದುಪಡಿ ಪೂರ್ತಿಯಾಗಿಯೇ ಇತ್ತು. ಟೆಂಡರಿನಲ್ಲಿ ಇಬ್ಬರು ವರ್ತಕರು ಒಂದೇ ದರ ಬರೆದರೆ, ಇಷ್ಟು ದಿನ ಕಂಪ್ಯೂಟರು ಮೊದಲು ಯಾರ ಹೆಸರಿತ್ತೋ ಅವರಿಗೇ ಮಾಲು ಕೊಟ್ಟುಬಿಡುತ್ತಿತ್ತು. ಇನ್ನು ಮೇಲೆ ಮಾಲು ತಂದವರನ್ನೇ ಕೇಳುವ ಹಾಗೆ ಮಾಡಿದ್ದರು. ಅವತ್ತು ಮಧ್ಯಾಹ್ನವೇ ಟೆಂಡರು. ರತ್ನಪ್ರಭಾ ಪರೀಕ್ಷಿಸಿ ನೋಡಿದ್ದಳು, ಎಲ್ಲೂ ತಪ್ಪಿರಲಿಲ್ಲ. ಅವರ ಬೀಗ ಬಿಡಿಸಿ, ತನ್ನದು ಹಾಕಿ, ಫೈಲು ವಾಪಸ್ ಇಟ್ಟರೆ ಆಯಿತು. ಆದರೆ ವಾಪಸ್ ಇಟ್ಟವರ ಹೆಸರೇ ತಿದ್ದಿದವರ ಹೆಸರು ಅಂತ ತಾನಾಗಿ ಬೀಳುತ್ತಿತ್ತು. ನಂಜಪ್ಪನವರ ಕಡೇ ಕೆಲಸ ಎಂದೆಂದಿಗೂ ರತ್ನಪ್ರಭಾಳದ್ದಾಗಿಬಿಡುತ್ತಿತ್ತು.

ಇಂದುಧರ ಮ್ಯಾನುಯಲ್ ತಿರುವಿ ತಿರುವಿ ಒಂದು ದಾರಿ ಹುಡುಕಿದ. ಆಜ್ಞೆಯ ಜೊತೆಗೆ ಒಂದು ಅಕ್ಷರ ಸೇರಿಸಿ ಬೇರೆಯವರ ಹೆಸರು ಕೊಟ್ಟರೆ ಆ ಹೆಸರೇ ಬೀಳುತ್ತದಂತೆ. ಮುಂದಿನ ಮಾತು ಓದಿದವನೇ ನಕ್ಕುಬಿಟ್ಟ.

“ತಿದ್ದಿದವರು ಯಾರು ಅಂತ ಸುಳ್ಳು ಹೇಳೋಕೆ ಉಪಯೋಗ, ಅಂತ ಇವರೇ ಬರೆದವ್ರೆ. ನಿಮಗಾಗಲ್ಲ ಬಿಡಿ.”

ಸುಳ್ಳಾಡುವುದಿಲ್ಲ ಅಂತ ಬಸದಿಯಲ್ಲಿ ಮುನಿಗಳ ಎದುರು ವ್ರತ ಹಿಡಿದವಳು ಅವಳು. ತಡವಾಗಿ ಬಂದ ದಿನ ಎಲ್ಲರೂ ಬಸ್ಸಿನ ಮೇಲೆ ಹಾಕಿದರೆ, ಇವಳು ನಿದ್ದೆ ಬಂತು ಅಂತ ನೆಟ್ಟಗೆ ಹೇಳಿ ಬೈಸಿಕೊಳ್ಳುವಳು. ಇಂದುಧರ ಅದನ್ನೇ ಹಿಡಿದು ರೇಗಿಸುತ್ತಿದ್ದವನು, ಇವತ್ತು ಮಾತ್ರ ಕುರ್ಚಿ ಹತ್ತಿರ ಎಳೆದುಕೊಂಡು ಮೆತ್ತಗೆ ಹೇಳಿದ:

“ಏಳಿ, ನಾನು ಟೈಪ್ ಮಾಡ್ತೀನಿ. ಪಾಪ ನನಗಿರಲಿ. ನಮ್ಮನೇಲಿ ವಿಭೂತಿ ಬೇಕಾದಷ್ಟಿದೆ.”

ರತ್ನಪ್ರಭಾ ಏಳಲಿಲ್ಲ. “ನನ್ನ ಹೆಸರು ಹಾಕಿದರೆ ಯಂತ್ರ ಒಪ್ಪುತ್ತೆ, ಮ್ಯಾನುಯಲ್ಲೂ ಒಪ್ಪುತ್ತೆ,” ಎಂದಳು. “ಆದರೆ ಸುಳ್ಳು ಅದೇ ಕಣ್ರೀ.”

ಬೀಗ ಬಿಡಿಸಿದಳು. ನಂಜಪ್ಪನವರ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿದಳು. ಏನು ತಿದ್ದಿದಿರಿ ಅಂತ ಯಂತ್ರ ಕೇಳಿದ್ದಕ್ಕೆ ಬೆಳೆದವರನ್ನು ಕೇಳುವುದು ಅಂತ ಬರೆದು ಚುಕ್ಕಿ ಇಟ್ಟಳು. ಫೈಲು ಒಳಗೆ ಹೋಯಿತು.

ಮಧ್ಯಾಹ್ನದ ಟೆಂಡರಿನಲ್ಲಿ ಎರಡು ದರ ಸರಿಸಮವಾದವು. ಯಾರಿಗೆ ಅಂತ ಕೇಳಿ ಪರದೆ ನಿಂತಿತು. ಮಾದಿಹಳ್ಳಿಯಿಂದ ಕೊಬ್ಬರಿ ತಂದಿದ್ದ ಶಿವಗಂಗಮ್ಮನವರನ್ನು ಮೇಲಕ್ಕೆ ಕರೆಸಿ, ಈ ಇಬ್ಬರಲ್ಲಿ ಯಾರಿಗೆ ಕೊಡ್ತೀರಿ ಅಂತ ಕೇಳಿದರು. ಆ ಗೋದಾಮಿನಲ್ಲಿ ಅವರನ್ನು ಯಾರೂ ಏನನ್ನೂ ಕೇಳಿದವರಲ್ಲ. ಆಕೆ ಸೊಂಟದ ಚೀಲದಿಂದ ಒಂದು ವೀಳ್ಯದೆಲೆ ತೆಗೆದು, ನಾರು ಬಿಡಿಸಿ, ಸುಣ್ಣ ಸವರಿ, ಇಬ್ಬರು ವರ್ತಕರ ಮುಖವನ್ನೂ ನೋಡುತ್ತ ನಿಧಾನಕ್ಕೆ ಮಡಿಸತೊಡಗಿದರು.