ಹತ್ತೊಂಬತ್ತನೇ ಶಾಖೆಯ ಬಿಡುಗಡೆ

ಮೂರನೇ ಸಲವೂ ಕೆಂಪು ದೀಪ.

ಯಾರೋ ಬೇಕೆಂದೇ ಮಾಡುತ್ತಿದ್ದಾರೆ. ಹತ್ತೊಂಬತ್ತನೇ ಶಾಖೆಯ ನೆಟ್‌ವರ್ಕ್ ಮೇಲ್ವಿಚಾರಕನಿಗೆ ಈಗ ಅನುಮಾನವೇ ಉಳಿದಿರಲಿಲ್ಲ. ಕಂಪನಿಯಲ್ಲಿ ಎಲ್ಲರೂ ಅವನನ್ನು ತಂತಿ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷ ತಂತಿಗಳ ನಡುವೆಯೇ ಸವೆದವನಿಗೆ ಬೇರೆ ಹೆಸರು ಯಾಕೆ? ಗೋಡೆ ಗಡಿಯಾರ ನಾಲ್ಕು ನಲವತ್ತು ತೋರಿಸುತ್ತಿತ್ತು. ಉಳಿದಿದ್ದು ಇಪ್ಪತ್ತು ನಿಮಿಷ.

ಇಷ್ಟು ದಿನ ಒಂದೊಂದು ಶಾಖೆಯಿಂದಲೂ ಡೇಟಾ ಸೆಂಟರಿಗೆ ಒಂದೊಂದು ಬಾಡಿಗೆ ತಂತಿ ಇತ್ತು. ಇವತ್ತು ಅದಕ್ಕೆಲ್ಲ ಮಂಗಳ ಹಾಡುವ ದಿನ. ಇನ್ನು ಮುಂದೆ ಶಾಖೆಗೊಂದು ಪುಟ್ಟ ಪೆಟ್ಟಿಗೆ. ಅದು ಕ್ಲೌಡ್‌ಗೆ ಕೊಂಡಿ ಹಾಕಿಕೊಂಡರೆ ಅಲ್ಲಿಂದ ಎಲ್ಲ ಕಚೇರಿಗಳಿಗೂ, ಡೇಟಾ ಸೆಂಟರಿಗೂ ದಾರಿ. ಡೇಟಾ ಸೆಂಟರಿನವರು ಓದಿ ಹೇಳುವ ಹನ್ನೆರಡು ಅಂಕಿಯ ಕೀಲಿಯನ್ನು ಒಮ್ಮೆ ಒತ್ತಬೇಕು, ಅಷ್ಟೇ. ಹಸಿರು ದೀಪ ಬಂದ ಮೇಲೆ ಪೆಟ್ಟಿಗೆ ತನ್ನ ಯೋಗಕ್ಷೇಮ ತಾನೇ ನೋಡಿಕೊಳ್ಳುತ್ತದೆ.

ಮಧ್ಯಾಹ್ನದಿಂದ ಹದಿನೆಂಟು ಶಾಖೆಗಳು ಹಸಿರು ದೀಪ ಕಂಡು ಎದ್ದಿದ್ದವು. ಎಲ್ಲ ಮೇಲ್ವಿಚಾರಕರೂ ಒಂದೇ ಫೋನ್ ಕರೆಯಲ್ಲಿದ್ದರು. ತಮ್ಮ ಶಾಖೆ ಎದ್ದು ಎರಡು ನಿಮಿಷಕ್ಕೆಲ್ಲ ಒಬ್ಬೊಬ್ಬರೇ ಜಾರಿಕೊಂಡರು, 'ಬರ್ತೀನಿ' ಎಂಬ ಒಂದು ಮಾತೂ ಇಲ್ಲದೆ. ಗಂಟುಮೂಟೆ ಕಟ್ಟುವ ಆತುರ ಇರಬೇಕು ಎಂದುಕೊಂಡ ತಂತಿ. ಬಾಸ್ ವಾರದ ಹಿಂದೆಯೇ ಮಾತು ಕೊಟ್ಟಿದ್ದರಲ್ಲ: "ನಿಮ್ಮ ಶಾಖೆ ಎದ್ದ ನಿಮಿಷಕ್ಕೆ ನಿಮಗೆ ಅಲ್ಲಿಂದ ಬಿಡುಗಡೆ."

ಬಿಡುಗಡೆ! ಅಂದರೆ ಡೇಟಾ ಸೆಂಟರಿಗೆ ವರ್ಗ. ಆ ಪದಕ್ಕಾಗಿ ಅವನು ನಾಲ್ಕು ವರ್ಷ ಚಾತಕಪಕ್ಷಿಯ ಹಾಗೆ ಕಾದಿದ್ದ. ಹೆಂಡತಿಯ ಕೆಲಸ ಡೇಟಾ ಸೆಂಟರಿನಲ್ಲಿ, ರೈಲಿನಲ್ಲಿ ಹನ್ನೊಂದು ತಾಸು ದೂರ. ಮಗಳು ಅವಳ ಜೊತೆ. ಮುಂದಿನ ತಿಂಗಳು ಮಗಳ ಎದೆಯ ಆಪರೇಷನ್. ಖರ್ಚಿನ ಚಿಂತೆ ಇರಲಿಲ್ಲ. ಹೆಂಡತಿಯದು ಗುತ್ತಿಗೆ ಕೆಲಸವಾದರೂ ಅವನಿಗೆ ಕಂಪನಿಯ ವಿಮೆ ಇತ್ತು. ಚಿಂತೆ ಮಗಳ ಮಾತಿನದು. "ಆಪರೇಷನ್ ದಿನ ಫೋನಪ್ಪ ಬೇಡ, ನಿಜವಾದ ಅಪ್ಪ ಬರ್ಬೇಕು," ಎಂದಿದ್ದಳು. ಫೋನಪ್ಪ ನಕ್ಕಿದ್ದ. ಫೋನಿಟ್ಟ ಮೇಲೆ ಬಿಕ್ಕಿ ಬಿಕ್ಕಿ ಅತ್ತಿದ್ದ.

ಐದರೊಳಗೆ ಕೊಂಡಿ ಕೂಡದಿದ್ದರೆ ಹಳೆಯ ತಂತಿಯ ಗುತ್ತಿಗೆ ತಾನಾಗಿ ಇನ್ನೊಂದು ವರ್ಷ ಮುಂದುವರಿಯುತ್ತದೆ. ಆ ತಂತಿ ಇರುವ ತನಕ ಈ ತಂತಿಯೂ ಇಲ್ಲೇ.

"ಮೇಡಂ, ಇನ್ನೊಂದ್ಸಲ ಓದಿ," ಎಂದ.

ಆ ತುದಿಯಲ್ಲಿ ಕೀಲಿ ಓದುತ್ತಿದ್ದವಳು ಅವನ ಹೆಂಡತಿಯೇ. ಬಾಸ್ ಪಕ್ಕದಲ್ಲೇ ಕೂತಿದ್ದರಿಂದ ಅವಳು ಮೇಡಂ, ಇವನು ಬರೀ ಹತ್ತೊಂಬತ್ತು. ಸ್ವಂತ ಫೋನುಗಳನ್ನು ಡೇಟಾ ಸೆಂಟರಿನ ಬಾಗಿಲಲ್ಲೇ ಒಪ್ಪಿಸಿ ಒಳಗೆ ಹೋಗಬೇಕು. ಸಂಸಾರದ ಮಾತಿಗೆ ಅಲ್ಲಿ ಎಡೆಯಿಲ್ಲ.

"ಹತ್ತೊಂಬತ್ತು, ಗಾಬರಿ ಮಾಡ್ಕೋಬೇಡಿ. ಇವತ್ತು ಆಗ್ಲಿಲ್ಲ ಅಂದ್ರೆ ಆಕಾಶವೇನೂ ಕಳಚಿ ಬೀಳಲ್ಲ."

"ಬೀಳುತ್ತೆ ಮೇಡಂ. ನನ್ನ ತಲೆ ಮೇಲೇ ಬೀಳುತ್ತೆ."

"ಹಳೇ ತಂತಿ ಗಟ್ಟಿಯಾಗಿದೆ ತಾನೇ? ಅದನ್ನೇ ಹಿಡ್ಕೊಂಡಿರಿ."

ಅವನಿಗೆ ಮೈ ಉರಿಯಿತು. ನಾನು ಬರುವುದು ಇವಳಿಗೇ ಬೇಡವೇ? ಮರುಕ್ಷಣ ನಾಚಿಕೆಯಾಯಿತು. ಬಾಸ್ ಎದುರಿಗೆ ಅವಳಾದರೂ ಏನು ಹೇಳಿಯಾಳು, ಪಾಪ! ತಪ್ಪು ಅವಳದಂತೂ ಅಲ್ಲ. ಅವಳು ಅಂಕಿ ತಪ್ಪುವುದೆಂದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದಂತೆ. ಮೊದಲ ಸಲ ಇಬ್ಬರೂ ಹತ್ತಿದ ಬಸ್ಸಿನ ನಂಬರೂ ಅವಳಿಗೆ ಇವತ್ತಿಗೂ ಬಾಯಿಪಾಠ.

ಇದು ಮೀಸೆಯ ಕೆಲಸವೇ. ಡೇಟಾ ಸೆಂಟರಿನಲ್ಲಿ ಕೀಲಿಗಳನ್ನು ಸಿದ್ಧಮಾಡುವವನು ಮೀಸೆ. ತಂತಿ ಅಲ್ಲಿಗೆ ಬಂದರೆ ಅವನ ಕುರ್ಚಿಗೆ ಸಂಚಕಾರ. ಅವಳು ಓದಿ ಮುಗಿಸುವಷ್ಟರಲ್ಲಿ ಅವನು ಕೀಲಿ ಬದಲಾಯಿಸುತ್ತಿದ್ದಾನೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

"ನಾಲ್ಕನೇ ಸಲ ಓದ್ತೀನಿ, ಬರ್ಕೊಳ್ಳಿ," ಎಂದಳು. ಒಂದೊಂದು ಅಂಕಿಗೂ ನಿಂತು, ಉಸಿರೆಳೆದುಕೊಂಡು, ಆಮೆಯ ಹಾಗೆ ಓದಿದಳು. ಬರೆದುಕೊಂಡು ಒತ್ತಿದ.

ಕೆಂಪು. ಗಂಟೆ ನಾಲ್ಕು ಐವತ್ತೊಂದು.

ಅವನು ಹುಚ್ಚನಂತೆ ಡ್ರಾಯರ್ ಜಾಲಾಡಿದ. ಹೋದ ವಾರ ಪೆಟ್ಟಿಗೆಯ ಪರೀಕ್ಷೆಗೆಂದು ಒಂದು ತಾತ್ಕಾಲಿಕ ಕೀಲಿ ಬಂದಿತ್ತು. ರಟ್ಟಿನ ಚೂರಿನ ಮೇಲೆ ಬರೆದಿಟ್ಟಿದ್ದ. ಪರೀಕ್ಷೆ ಮುಗಿದ ಕೂಡಲೇ ಅದನ್ನು ಡೇಟಾ ಸೆಂಟರಿನವರು ಅಳಿಸಬೇಕು ಎನ್ನುವುದು ನಿಯಮ. ಆದರೆ ತಾತ್ಕಾಲಿಕವಾದದ್ದನ್ನು ನೆನಪಿಟ್ಟು ಅಳಿಸಿದ ನೆಟ್‌ವರ್ಕಿನವನು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಬಾಯಿಬಿಡದೆ, ಬೆವರಿದ ಬೆರಳಲ್ಲಿ ಹನ್ನೆರಡು ಅಂಕಿ ಒತ್ತಿದ.

ದೀಪ ಮಿಣುಕಿತು. ಹಳದಿಯಾಯಿತು. ಹಸಿರಾಯಿತು.

"ಎದ್ದಿತು! ಹತ್ತೊಂಬತ್ತು ಎದ್ದಿತು!"

"ಭೇಷ್!" ಎಂದರು ಬಾಸ್. ಅವಳ ಕುರ್ಚಿ ಹಿಂದೆ ಸರಿದ ಸದ್ದು ಕೇಳಿಸಿತು. ಸಂತೋಷಕ್ಕೆ ಎದ್ದು ನಿಂತಿರಬೇಕು ಎಂದುಕೊಂಡ. ಅವನೂ ಎದ್ದು ನಿಂತಿದ್ದ.

ಎರಡು ನಿಮಿಷದಲ್ಲಿ ಹೊಸ ದಾರಿಯಲ್ಲಿ ಮೊದಲ ಪತ್ರ ಬಂತು, ಅವನದೇ ಹೆಸರಿಗೆ. ನಗುತ್ತಲೇ ತೆರೆದ. 'ಹೊಸ ವ್ಯವಸ್ಥೆಗೆ ಶಾಖೆಗಳಲ್ಲಿ ಮೇಲ್ವಿಚಾರಕರ ಅಗತ್ಯ ಇಲ್ಲದಿರುವುದರಿಂದ, ಕೊಂಡಿ ಕೂಡಿದ ಶಾಖೆಯವರಾದ ತಮ್ಮನ್ನು ಈ ಕ್ಷಣದಿಂದ ಕಂಪನಿಯ ಸೇವೆಯಿಂದ ಬಿಡುಗಡೆ ಮಾಡಲಾಗಿದೆ. ವಿಮೆ ಮುಂತಾದ ಸೌಲಭ್ಯಗಳು ಇಂದಿಗೆ ಕೊನೆ.'

ಅವನ ಫೋನು ಬಡಿದುಕೊಂಡಿತು. ಡೇಟಾ ಸೆಂಟರಿನ ಬಾಗಿಲಲ್ಲಿ ನಿಂತು ಅವಳು ಏದುಸಿರು ಬಿಡುತ್ತಿದ್ದಳು. ಮಾತಿನಲ್ಲಿ ಈಗ ಮೇಡಂ ಇರಲಿಲ್ಲ, ಹತ್ತೊಂಬತ್ತೂ ಇರಲಿಲ್ಲ.

"ಶಾಖೆ ಎದ್ದವರನ್ನೆಲ್ಲ ಕೆಲಸದಿಂದ ತೆಗೆಯೋ ಪಟ್ಟಿ ಮಧ್ಯಾಹ್ನ ನನ್ನ ಮೇಜಿಗೇ ಬಂತು ಕಣ್ರೀ, ಐದು ಗಂಟೆ ದಾಟ್ಲಿ ಅಂತ ನಾಲ್ಕು ಸಲ ಬೇಕಂತ್ಲೇ ತಪ್ಪು ಓದಿದೆ... ನಾನು ಯಾವತ್ತಾದ್ರೂ ಅಂಕಿ ತಪ್ಪಿದ್ದು ನೋಡಿದ್ದೀರಾ?"