ಪೌಡರ್ ಹಚ್ಚಿದ ಎಂಜಿನ್

ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ಯಾರದೋ ಬೈಕು ಬಿಟ್ಟುಹೋಗಿದ್ದ ಎಣ್ಣೆಯ ಕಲೆಯನ್ನು ಉಜ್ಜುತ್ತಿದ್ದಾಗ ಚಾಮರಾಜಪೇಟೆಯ ಆ ಶನಿವಾರದ ಮಧ್ಯಾಹ್ನ ನೆನಪಾಯಿತು.

ಅಪ್ಪನ ಮೋಟಾರ್‌ಸೈಕಲ್ಲು ಹನಿಹನಿಯಾಗಿ ಸೋರುತ್ತಿತ್ತು. ಆ ಎಣ್ಣೆಯ ಮೇಲೆ ಅಜ್ಜಿ ಕಾಲು ಜಾರಿ ಬಿದ್ದಿದ್ದರು. “ಅದಿರ್ಬೇಕು, ಇಲ್ಲಾ ನಾವಿರ್ಬೇಕು,” ಎಂದಿದ್ದಳು ಅಮ್ಮ. ಐದು ಗಂಟೆಗೆ ಎನ್.ಆರ್. ಕಾಲೋನಿಯಿಂದ ಒಬ್ಬರು ಗಾಡಿ ಕೊಳ್ಳಲು ಬರುವವರಿದ್ದರು. ಅಷ್ಟರೊಳಗೆ ಸೋರುವುದು ನಿಂತರೆ ಗಾಡಿ ಮನೆಯಲ್ಲೇ ಉಳಿಯುತ್ತದೆ ಎಂದು ನಾನು ನಂಬಿದ್ದೆ. ಗಡಿಯಾರ ನೋಡಲು ನಾಲ್ಕು ಸಲ ಒಳಗೆ ಓಡಿದೆ.

ಮೆಕ್ಯಾನಿಕ್ ಎರಡು ಸಲ ಎಂಜಿನ್ನಿನ ಕೆಳಗಿನ ಬೋಲ್ಟಿನ ವಾಷರ್ ಬದಲಿಸಿದ್ದರೂ ಹನಿ ನಿಂತಿರಲಿಲ್ಲ. ಅಪ್ಪ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿಸಿ, “ಅಮ್ಮನ ಪೌಡರ್ ಡಬ್ಬ ತಗೊಂಡ್ಬಾ ಪುಟ್ಟಿ,” ಎಂದರು.

“ಯಾಕ್ರೀ, ಅದನ್ನೇನು ಮದ್ವೆಗೆ ಕಳಿಸ್ತೀರಾ?” ಅಮ್ಮ ಅಡುಗೆಮನೆಯಿಂದಲೇ ಕೂಗಿದಳು.

ಬೆಳ್ಳಗಾದ ಎಂಜಿನ್ ಗುಡುಗುಡು ಓಡಿತು. ನಾನು ಯೂನಿಫಾರ್ಮಿನಲ್ಲೇ ನೆಲಕ್ಕೆ ಕೆನ್ನೆಯೊತ್ತಿ ನೋಡುತ್ತಿದ್ದೆ. ಬೋಲ್ಟಿಗಿಂತ ನಾಲ್ಕು ಬೆರಳು ಮೇಲೆ, ಕ್ಲಚ್ ಮುಚ್ಚಳದ ಅಂಚಿನಿಂದ, ಪೌಡರಿನ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಇಳಿಯಿತು.

“ಅಪ್ಪಾ, ಇಲ್ಲಿ!”

ಅಪ್ಪ ಮುಚ್ಚಳ ಬಿಚ್ಚಿ, ಅದರಡಿ ಹರಿದಿದ್ದ ಗ್ಯಾಸ್ಕೆಟ್ ಪಟ್ಟಿಯನ್ನು ತೆಗೆದು, ಅಂಗಡಿಯಿಂದ ತಂದ ಹೊಸದನ್ನು ಕೂರಿಸಿದರು. ಗಾಡಿಯ ಕೆಳಗೆ ಹಾಸಿದ ಪೇಪರ್ ಐದು ಗಂಟೆಗೂ ಒಣಗಿಯೇ ಇತ್ತು.

ಬಂದವರು ಬಗ್ಗಿ ನೋಡಿದರು. “ಒಂದು ಹನೀನೂ ಇಲ್ವಲ್ಲ ಸಾರ್!”

“ಸೋರೋ ಗಾಡಿ ಕೊಟ್ರೆ ನಿಮ್ಮನೇಲೂ ಯಾರಾದ್ರೂ ಬೀಳ್ತಾರೆ,” ಎನ್ನುತ್ತಾ ಅಪ್ಪ ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟರು. “ಎಲ್ಲಿ ಸೋರ್ತಿದೆ ಅಂತ ಹುಡುಕಿದ್ದು ನನ್ನ ಮಗಳೇ.”

“ಥ್ಯಾಂಕ್ಸ್ ಕಣಮ್ಮಾ,” ಎಂದು ಅವರು ಗಾಡಿ ಹತ್ತಿದರು.

ಥ್ಯಾಂಕ್ಸ್ ಎಂದವರಿಗೆ ಹೇಳಬೇಕೆಂದು ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದ ಹಾಗೆ, ಕೈ ಕಟ್ಟಿ ನಿಂತು, “ವೆಲ್ಕಮ್ ಅಂಕಲ್,” ಎಂದೆ.